ದೊಡ್ಡಾಕಿಯ ಉದರವೂ ಕೆಂಪು ಬೀಗದ ಮಹಾಸಮರವೂ

ಕೃತಯುಗದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತು, ತ್ರೇತೆಯಲ್ಲಿ ಮೂರರ ಮೇಲೆ ತೂಗಾಡಿ, ದ್ವಾಪರದಲ್ಲಿ ಎರಡರ ಮೇಲೆ ಹೇಗೋ ಸಂಭಾಳಿಸಿ, ಈ ಕಲಿಯುಗದಲ್ಲಿ ಒಂಟಿ ಕಾಲಿನಲ್ಲಿ ತಡವರಿಸುತ್ತಿರುವ ಧರ್ಮದೇವತೆಯೇ, ಆ ಉಳಿದೊಂದು ಕಾಲನ್ನಾದರೂ ತಿರುಗುವ ಯಂತ್ರದ ಸಮೀಪಕ್ಕೆ ಒಯ್ಯಬೇಡವೆಂದು ಮೊಟ್ಟಮೊದಲು ನಿನ್ನನ್ನು ಬೇಡಿಕೊಂಡು ಈ ಕಥೆಯನ್ನು ಆರಂಭಿಸುತ್ತೇನೆ.

ಸಕಲ ನಾಸಿಕಗಳ ಅಧಿದೇವತೆಯೇ, ಬರುವೆನೆಂದು ಹೇಳಿ ಬಾರದೆಯೂ, ಬಾರೆನೆಂದು ಹೇಳಿ ಬಂದೂ, ರಾಜನನ್ನೂ ಕೂಲಿಯನ್ನೂ ಸಮನಾಗಿ ಬಾಯಿ ತೆರೆಸಿ ನಿಲ್ಲಿಸುವ ಸೀನಿನ ತಾಯಿಯೇ, ನೀನೂ ಸ್ವಲ್ಪ ಹೊತ್ತು ನನ್ನ ಮೂಗನ್ನು ಬಿಟ್ಟು ಆಚೆ ಕುಳಿತಿರು. ನಿನಗೆ ಮುಂದೆ ಕೆಲಸವಿದೆ. ಆಗ ಕರೆಯುತ್ತೇನೆ.

ಹೋದ ಮಾಘಮಾಸದ ಒಂದು ಮಂಗಳವಾರ, ಹೊತ್ತು ಏರಿ ಹನ್ನೊಂದು ಗಂಟೆಯಾಗಿದ್ದ ಸಮಯದಲ್ಲಿ, ಬ್ಯಾಡಗಿ ಸೀಮೆಯ ಒಂದು ಊರಿನ ಖಾರದಪುಡಿ ಗಿರಣಿಯಲ್ಲಿ ಈ ಯುದ್ಧ ನಡೆಯಿತು. ಊರ ಹೆಸರು ಬೇಡ. ಬಸ್ಸಿನಲ್ಲಿ ತೂಕಡಿಸುತ್ತ ಕುಳಿತವರೂ ಘಾಟು ಮೂಗಿಗೆ ಬಡಿದೊಡನೆ ನಮ್ಮೂರು ಬಂತೆಂದು ಚೀಲ ಹಿಡಿದು ಏಳುತ್ತಾರೆ. ಅಷ್ಟು ಗುರುತು ಸಾಕು.

ಆ ಗಿರಣಿಯ ದಂಡನಾಯಕನು ಯಾರೆಂದರೆ, ಏಕವಿಂಶತಿವರ್ಷಪರ್ಯಂತ ರಕ್ತವರ್ಣಧೂಳೀಧೂಸರಿತಗಾತ್ರನೂ, ಉಭಯಕಪೋಲವಿಸ್ತಾರಿಶ್ಮಶ್ರುಶೋಭಿತವದನನೂ, ಕೇಶಲೇಶರಹಿತಮಸ್ತಕಪ್ರಭೆಯಿಂದ ದೀಪವಿಲ್ಲದ ಗೋದಾಮಿಗೂ ಬೆಳಕು ಕೊಡುವವನೂ, ಒಂದೇ ಶಿಳ್ಳೆಗೆ ಮೂವತ್ತು ಕೂಲಿಗಳನ್ನು ಊಟದಿಂದ ಎಬ್ಬಿಸಬಲ್ಲವನೂ ಆದ ಮುಕಾದಮ ಹಾಲಪ್ಪ. ಮುಕಾದಮನೆಂದರೆ ಕೂಲಿಗಳ ಮೇಲೆ ಕಣ್ಣಿಡುವವನು. ಹಾಲಪ್ಪ ಎರಡೂ ಕಣ್ಣಿಡುತ್ತಿದ್ದನು, ಒಂದು ಸ್ಥಳವನ್ನು ಬಿಟ್ಟು. ಆ ಸ್ಥಳ ಯಾವುದೆಂದು ಹೇಳುತ್ತೇನೆ, ಅವಸರ ಬೇಡ.

ಗಿರಣಿಯಲ್ಲಿ ಎರಡು ಯಂತ್ರಗಳು. ಮೆಣಸಿನಕಾಯಿಯನ್ನು ಕುಟ್ಟಿ ಹಿಟ್ಟು ಮಾಡುವಾಕೆ ಸಣ್ಣಾಕಿ. ಆಕೆಯ ಬಾಯಿ ಜೋರು. ಆಕೆ ಚಾಲೂ ಇದ್ದರೆ ಆಕೆಯ ಹತ್ತಿರ ನಿಂತವರ ಮಾತು ಪಕ್ಕದಲ್ಲಿ ನಿಂತವರಿಗೆ ಕೇಳದು. ದೂರದ ತೂಕದ ಕಾಟಾದ ಬಳಿ ಮಾತ್ರ ಗಂಟಲೆತ್ತಿದರೆ ಕೇಳೀತು. ಕುಟ್ಟಿದ ಖಾರಕ್ಕೆ ಎಣ್ಣೆ ಹನಿಸಿ ಹದವಾಗಿ ಕಲಸುವಾಕೆ ದೊಡ್ಡಾಕಿ. ಅವಳದು ಮಾತಿಲ್ಲದ ಸ್ವಭಾವ. ಆಳೊಬ್ಬರು ಕುಳಿತುಕೊಳ್ಳುವಷ್ಟು ದೊಡ್ಡ ಕಬ್ಬಿಣದ ಹೊಟ್ಟೆ, ಹೊಟ್ಟೆಯೊಳಗೆ ಸುರುಳಿ ಸುರುಳಿಯಾದ ನಾಲ್ಕು ಉಕ್ಕಿನ ತೋಳುಗಳು, ಹೊಟ್ಟೆಗೆ ಒಂದು ಕಿಂಡಿ. ದಿನ ಬಿಟ್ಟು ದಿನ ಎಣ್ಣೆ ಹಿಡಿದ ಖಾರವು ಆ ತೋಳುಗಳಿಗೆ ಗಾರೆಯಂತೆ ಅಂಟಿಕೊಳ್ಳುತ್ತದೆ. ಆಗ ಯಾರಾದರೂ ಕಿಂಡಿಯಲ್ಲಿ ನುಸುಳಿ, ಒಳಗೆ ಕುಳಿತು, ಉಳಿಯಿಂದ ಅದನ್ನು ಕೆರೆದು ತೆಗೆಯಬೇಕು.

ಹಾಗೆ ನುಸುಳುವವಳೇ ನಮ್ಮ ಕಥಾನಾಯಕಿ. ಕೃಶಾಂಗಿ, ಕಿಂಡಿಪ್ರವೇಶನಿಪುಣೆ, ಲೋಹೋದರವಿಹಾರಿಣಿ, ಲೋಹಶಲಾಕೈಕಾಯುಧೆ, ಮೂವರು ಮೊಮ್ಮಕ್ಕಳ ಅಜ್ಜಿ ಕಾಶವ್ವ. ಗಿರಣಿಯಲ್ಲಿ ಅವಳಷ್ಟು ತೆಳ್ಳಗಿನವರು ಇನ್ನೊಬ್ಬರಿಲ್ಲ. ಇದ್ದರೂ ಅವಳಷ್ಟು ಸಮಾಧಾನದವರಿಲ್ಲ. ಅವಸರದವರು ಆ ಹೊಟ್ಟೆಯಲ್ಲಿ ಅರ್ಧ ತಾಸು ಕೂರಲಾರರು.

ಈಗ ಒಂದು ಪದ್ಧತಿಯನ್ನು ತಿಳಿಸಬೇಕು. ಬೇರೆ ಗಿರಣಿಗಳವರಿಗೆ ಇದು ಗೊತ್ತಿರಲಾರದು. ಖಾರದಲ್ಲಿ ಕೈಯಿಟ್ಟವರು, ಆ ಕೈಗೆ ಎಣ್ಣೆ ತಿಕ್ಕಿ ತೊಳೆಯುವವರೆಗೆ, ತಮ್ಮ ಮೈಯನ್ನು ತಾವು ಮುಟ್ಟುವಂತಿಲ್ಲ. ಕಣ್ಣಿಲ್ಲ, ಮೂಗಿಲ್ಲ, ಸೊಂಟವಿಲ್ಲ, ಕಿಸೆಯಿಲ್ಲ. ಆದ್ದರಿಂದ ಕೆಲಸಕ್ಕಿಳಿಯುವ ಮುನ್ನ ಎಲ್ಲರೂ ತಮ್ಮ ತಮ್ಮ ಸೊತ್ತನ್ನು ಖಾರ ಮುಟ್ಟದ ಒಬ್ಬರ ವಶಕ್ಕೆ ಒಪ್ಪಿಸುತ್ತಾರೆ. ಅಂಥವರಿಗೆ ತಂಪು ಕೈಯವರೆಂದು ಹೆಸರು. ಗಿರಣಿಯ ತಂಪು ಕೈ ಯಾರದೆಂದರೆ, ದಬ್ಬಣಪಾಣಿ, ಗೋಣೀಮುಖಬಂಧನವಿಶಾರದೆ, ತೂಕದ ಕಾಟಾದ ಪಕ್ಕದ ಚೀಲಸಿಂಹಾಸನಾರೂಢೆ ಮಾಬೂಬಿಯದು. ತುಂಬಿದ ಚೀಲ ಬಾಯಿ ಮಡಚಿಕೊಂಡೇ ಅವಳ ಮುಂದೆ ಬರುತ್ತದೆ. ಅವಳು ಹೊಲಿದು ಕಳಿಸುತ್ತಾಳೆ. ಅವಳ ಮಡಿಲಿನ ಬಟ್ಟೆಗಂಟಿನಲ್ಲಿ ಆ ದಿನ ನಾಲ್ಕು ಜೊತೆ ಬೆಂಡೋಲೆ, ಆರು ಮೊಬೈಲು, ಎರಡು ಕನ್ನಡಕ, ಚಹಾ ಸಕ್ಕರೆ ಇಡುವ ಗೂಡಿನ ಚಾವಿ ಮತ್ತು ಸಾಂವಕ್ಕ ಎಂಬವಳ ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದವು. ನೀರಡಿಸಿದವರ ಬಾಯಿಗೆ ನೀರು ಹೊಯ್ಯುವವಳೂ ಅವಳೇ. ಯಾರ ಬೆನ್ನು ಕಡಿದರೂ ತುರಿಸುವವಳೂ ಅವಳೇ.

ಇನ್ನು ಗುಡ್ಡಪ್ಪ. ಅವನು ಯಂತ್ರ ರಿಪೇರಿಯ ಮಿಸ್ತ್ರಿ. ಅವನಿಗೆ ನಾನು ವಿಶೇಷಣ ಹಾಕುವುದಿಲ್ಲ. ಮೂರು ವರ್ಷದ ಕೆಳಗೆ ಅವನು ದೊಡ್ಡಾಕಿಯ ಕಿಂಡಿಯಲ್ಲಿ ತೋಳು ಹಾಕಿ ಒಂದು ಹೆಂಟೆಯನ್ನು ಬಿಡಿಸುತ್ತಿದ್ದಾಗ ಯಾರೋ ಮೇನ್ ಸ್ವಿಚ್ಚು ಎತ್ತಿದರು. ಬಲಗೈಯ ಎರಡು ಬೆರಳು ಹೋದವು. ಎತ್ತಿದವನು ಹಾಲಪ್ಪ. ಕೆಲಸ ಮುಗಿದಿದೆ ಎಂದು ತಿಳಿದಿದ್ದನು. ಬಗ್ಗಿ ನೋಡಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಹಾಲಪ್ಪ ಆ ಕಿಂಡಿಯ ಕಡೆ ಮುಖ ಮಾಡಿದವನಲ್ಲ. ಎರಡೂ ಕಣ್ಣಿಡದ ಸ್ಥಳ ಅದೇ.

ಆ ಘಟನೆಯ ನಂತರ ಹುಬ್ಬಳ್ಳಿಯಿಂದ ಒಬ್ಬ ಸುರಕ್ಷತೆಯ ಮೇಡಂ ಬಂದರು. ಒಂದು ಡಬ್ಬಿ ತುಂಬ ಕೆಂಪು ಬೀಗಗಳನ್ನು ತಂದರು. ಪ್ರತಿ ಬೀಗಕ್ಕೂ ಒಂದೇ ಚಾವಿ. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗಿಳಿಸಿ, ಅದು ಮೇಲೇಳದಂತೆ ಬೀಗ ಜಡಿದು, ಹೆಸರಿನ ಚೀಟಿ ತೂಗಿಸಿ, ಗುಂಡಿ ಒತ್ತಿ ಯಂತ್ರ ಸತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಅನಂತರವೇ ಒಳಗೆ ಹೋಗತಕ್ಕದ್ದು ಎಂದು ಬೋಧಿಸಿದರು. "ಚಾವಿ ಒಳಗೆ ಹೋದವರ ಮೈಮೇಲೆಯೇ ಇರಬೇಕು. ಬೀಗ ಹಾಕಿದವರೇ ತೆಗೆಯಬೇಕು. ಮಾಲಕರು ಬಂದರೂ ಅಷ್ಟೇ, ದೇವರು ಬಂದರೂ ಅಷ್ಟೇ" ಎಂದರು. ಎಲ್ಲರೂ ತಲೆದೂಗಿದರು. ಹಾಲಪ್ಪನೂ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತ ತಲೆದೂಗಿದನು, ಆದರೆ ಅದು ಫೋನಿನೊಳಗಿನವರಿಗೆ.

ಮೇಡಂ ಜೀಪು ಹತ್ತಿದ ಮೇಲೆ ಗೋಣಿಚೀಲಗಳ ಮರೆಯಲ್ಲಿ ಹೆಂಗಸರದೊಂದು ಗುಪ್ತ ಮಂತ್ರಾಲೋಚನೆ ನಡೆಯಿತು. ಖಾರದ ಕೈಯವರು ಚಾವಿಯನ್ನು ಮೈಮೇಲೆ ಇಟ್ಟುಕೊಳ್ಳುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಏನು ತೀರ್ಮಾನವಾಯಿತೆಂಬುದನ್ನು ಸಮಯ ಬಂದಾಗ ಹೇಳುತ್ತೇನೆ. ಹಾಲಪ್ಪನಿಗಂತೂ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಬೆಂಡೋಲೆ, ಮೊಬೈಲು, ಹಲ್ಲು ಹೋದ ಗಂಟಿಗೇ ಚಾವಿಗಳೂ ಹೋಗುತ್ತವೆಂದು ಅವನು ತಿಳಿದನು. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಇನ್ನು ಯುದ್ಧ.

ಆ ಮಂಗಳವಾರ ಲಾರಿಯೊಂದು ಅರವತ್ತು ಚೀಲ ಖಾರ ತುಂಬಿಕೊಳ್ಳಲು ಬಂದು ಗೇಟಿನ ಬಳಿ ನಿಂತಿತ್ತು. ಐವತ್ತೆರಡು ಚೀಲ ಆಗಿದ್ದವು. ಐವತ್ತಮೂರನೆಯದಕ್ಕೆ ದೊಡ್ಡಾಕಿಯ ಹೊಟ್ಟೆ ಕಟ್ಟಿಕೊಂಡಿತು. ಕಾಶವ್ವ ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕಂಪನಿಯವರು ಎಲ್ಲ ಹೆಂಗಸರಿಗೂ ಕೊಟ್ಟಿದ್ದ ಹಳದಿ ಬಟ್ಟೆಯಿಂದ ಮುಖವನ್ನು ಕಣ್ಣುಗಳಷ್ಟೇ ಬಿಟ್ಟು ಸುತ್ತಿದಳು. ದೊಡ್ಡಾಕಿಯ ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಿದಳು. ಕೆಂಪು ಬೀಗ ಜಡಿದಳು. "ಒಳಗೆ ಕೆಲಸ ನಡೆದಿದೆ, ಕಾಶವ್ವ" ಎಂಬ ಚೀಟಿ ತೂಗಿಸಿದಳು. ಗುಂಡಿ ಒತ್ತಿದಳು. ದೊಡ್ಡಾಕಿ ಕೆಮ್ಮಲೂ ಇಲ್ಲ. ಮತ್ತೊಮ್ಮೆ ಒತ್ತಿ, ತೃಪ್ತಳಾಗಿ, ಉಳಿಯೊಂದಿಗೆ ಕಿಂಡಿಯಲ್ಲಿ ಅಂತರ್ಧಾನಳಾದಳು.

ಕಾಲು ತಾಸು ಕಳೆದಿರಬಹುದು. ಆಗ ಗೇಟಿನ ದಿಕ್ಕಿನಿಂದ, ದಿಗ್ದಂತಿಗಳ ಕರ್ಣಪಟಲಗಳನ್ನು ಭೇದಿಸುವಂತೆ, ಪ್ರಳಯಕಾಲದ ಮೇಘಗಳು ಒಂದರ ಮೇಲೊಂದು ಬಿದ್ದಂತೆ, ಲಾರಿಯ ಹಾರನ್ನಿನ ಮಹಾಶಂಖಧ್ವನಿಯು ಮೊಳಗಿತು. ಒಮ್ಮೆಯಲ್ಲ, ಏಳು ಬಾರಿ. ಆ ನಾದವನ್ನು ಕೇಳಿ ಹಾಲಪ್ಪನ ಮೀಸೆಯ ಎರಡೂ ತುದಿಗಳು ತಾವಾಗಿಯೇ ಮೇಲೆದ್ದವು. ಹೊರಗಿಣುಕಿದನು. ನಳದ ಬಳಿ ಹಳದಿ ಬಟ್ಟೆ ಸುತ್ತಿದ ತೆಳ್ಳನೆಯ ಹೆಂಗಸೊಬ್ಬಳು ನಳಕ್ಕೇ ಬಾಯೊಡ್ಡಿ ನೀರು ಕುಡಿಯುತ್ತಿದ್ದಳು. ಕಾಶವ್ವ ಹೊರಬಂದಳೆಂದು ನಿಶ್ಚಯಿಸಿ, ಮಾಬೂಬಿಯ ಸಿಂಹಾಸನದತ್ತ ರಥವಿಲ್ಲದೆ, ಒಂದೇ ಚಪ್ಪಲಿಯಲ್ಲಿ, ನಡೆದನು.

"ಮಾಬೂಬಿ, ಕಾಶವ್ವನ ಚಾವಿ ಕೊಡು."

"ಕಾಶವ್ವ ಒಳಗದಾಳ್ರಿ ಮುಕಾದಮರ."

"ಎಲ್ಲಿ ಒಳಗ. ನಳದ ಕಡೆ ನೀರು ಕುಡಿಯಾಕತ್ತಾಳ, ಈಗರ ನೋಡಿ ಬಂದೆ."

"ಅದು ಸಾಂವಕ್ಕರಿ."

"ಸಾಂವಕ್ಕ ಅಷ್ಟು ತೆಳ್ಳಗ ಯಾವಾಗ ಆದ್ಲು?"

"ಹಲ್ಲು ನನ್ನ ಕಡೆ ಕೊಡಾಕ ಹತ್ತಿದ ಮ್ಯಾಲಿಂದ್ರಿ. ಊಟ ಸೇರವಲ್ದು ಆಕಿಗೆ."

ಸಭೆಯಲ್ಲಿ, ಅಂದರೆ ಕಾಟಾದ ಸುತ್ತ ನಿಂತಿದ್ದ ನಾಲ್ಕು ಹಮಾಲರಲ್ಲಿ, ನಗೆಯೆದ್ದಿತು. ಅದನ್ನು ಕೇಳಿದ ಹಾಲಪ್ಪನು ಎದೆಯನ್ನು ಪರ್ವತಶಿಖರದಂತೆ ಎತ್ತಿ, ಬಾಹುವನ್ನು ಉತ್ತರದ ಗೋಡೆಯತ್ತ ಚಾಚಿ, ಮೇಘಗಂಭೀರವಾಣಿಯಿಂದ ಹೀಗೆ ಗರ್ಜಿಸಿದನು: "ಎಲೈ ಸೂಚೀಧಾರಿಣಿಯೇ, ಕೇಳು. ಈ ಗಿರಣಿಗೆ ಗೋಡೆಗಳಿಲ್ಲದ ಪೂರ್ವಕಾಲದಲ್ಲಿ, ತಗಡಿನ ಒಂದೇ ಛತ್ರದಡಿ ನಿಂತು, ಘಾಟುಮಾರುತವನ್ನು ಎದೆಯಿಂದ ತಡೆದವನು ನಾನು. ಒಂದು ಸುಗ್ಗಿಯಲ್ಲಿ ಹನ್ನೆರಡು ಸಾವಿರ ಚೀಲಗಳನ್ನು ಕಣ್ಣು ಮಿಟುಕಿಸದೆ ಎಣಿಸಿದವನು ನಾನು. ನನ್ನ ಶಿಳ್ಳೆಯನ್ನು ಕೇಳಿ ಲಾರಿಗಳು ತಾವಾಗಿ ಹಿಂದಕ್ಕೆ ಚಲಿಸುತ್ತವೆ. ಅಂಥ ನನ್ನನ್ನು ಅಂಗೈಯಗಲದ ಒಂದು ಬೀಗವು ತಡೆಯುವುದೇ?"

ಇದು ನಾನು ಕಟ್ಟಿದ ಮಾತು. ಅವನು ನಿಜವಾಗಿ ಅಂದದ್ದು ಇಷ್ಟು: "ನನಗ ಕಲಿಸ್ತೀಯೇನು ನೀ? ಇಪ್ಪತ್ತೊಂದು ವರ್ಷ ಆತು ಇಲ್ಲಿ. ಸುಮ್ನ ಚಾವಿ ತೆಗಿ."

ಮಾಬೂಬಿ ದಬ್ಬಣಕ್ಕೆ ಸುತಳಿ ಪೋಣಿಸುತ್ತ ಅಂದಳು: "ಕಲಿಸೂದಲ್ರಿ. ಕಿಂಡಿ ಅಲ್ಲೇ ಐತಿ. ಒಮ್ಮೆ ಬಗ್ಗಿ ನೋಡಿ ಬರ್ರಿ. ಆಕಿ ಇಲ್ಲದಿದ್ರ ನಾನ ಬಂದು ಬೀಗ ಒಡೀತೀನಿ."

ಬಗ್ಗಿ ನೋಡು ಎಂಬ ಮಾತು ಕೇಳಿದ ಕೂಡಲೆ ಮೀಸೆಯ ತುದಿಗಳು ಇಳಿದವು. ಅವನು ಮುಖ ಆಚೆ ತಿರುಗಿಸಿದನು.

"ಕೂಗೀನಿ ನಾ. ಎರಡು ಸಲ ಕೂಗೀನಿ. ಓ ಅನ್ನಲಿಲ್ಲ."

"ಸಣ್ಣಾಕಿ ಒದರಾಕತ್ತಾಳ. ನಿಮ್ಮ ಕೂಗು ನನಗ ಕೇಳಿಲ್ಲ, ಆಕಿಗೆಲ್ಲಿ ಕೇಳತೈತಿ."

"ನೋಡು ಮಾಬೂಬಿ, ಲಾರಿ ನಿಂತೈತಿ. ಮಾಲಕರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ. ಚಾವಿ ಕೊಡ್ತೀಯೋ, ಗರಗಸ ತರಿಸಿ ಬೀಗಾನ ಕೊಯ್ಯಲೋ?"

ಮಾಬೂಬಿಯ ದಬ್ಬಣ ನಿಂತಿತು. ಅವಳು ಗೋಡೆಯ ಮೊಳೆಗೆ ತೂಗುತ್ತಿದ್ದ ಕಬ್ಬಿಣ ಕೊಯ್ಯುವ ಗರಗಸವನ್ನು ನೋಡಿದಳು. ಬೀಗವನ್ನು ನೋಡಿದಳು. ಕಿರುಬೆರಳಿನಷ್ಟು ದಪ್ಪದ ಕೊಂಡಿ. ಐದು ನಿಮಿಷಕ್ಕೆ ಕೊಯ್ಯಬಹುದು. ಕಾಶವ್ವ ಹೊರಬರಲು ಇನ್ನೂ ಕಾಲು ತಾಸಾದರೂ ಬೇಕು. ನನ್ನ ಬಳಿ ಚಾವಿಯಿಲ್ಲವೆಂದರೆ ಇವನ ಕೈ ನೇರವಾಗಿ ಗರಗಸಕ್ಕೇ ಹೋಗುತ್ತದೆ. ಹೀಗೆ ಚತುರುಪಾಯಗಳನ್ನೂ ಮನಸ್ಸಿನಲ್ಲಿ ತೂಗಿ, ಸಾಮ ಆಯಿತು, ದಾನಕ್ಕೆ ಏನೂ ಇಲ್ಲ, ದಂಡ ತನ್ನಿಂದಾಗದು, ಉಳಿದದ್ದು ಭೇದವೊಂದೇ ಎಂದು ಬಗೆದು, ಮಡಿಲಿನ ಗಂಟನ್ನು ಬಿಚ್ಚಿ, ಅದರಿಂದ ಒಂದು ಚಾವಿಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಚಾವಿ ಬೇಕಲ್ರಿ ನಿಮಗ?"

"ಕೊಡು ಇತ್ತ."

ಅವಳು ತನ್ನ ಮುಂದಿದ್ದ ಐವತ್ತೆರಡನೆಯ ಚೀಲದ ಮಡಚಿದ ಬಾಯನ್ನು ಎರಡು ಬೆರಳಿನಿಂದ ಸರಿಸಿ, ಚಾವಿಯನ್ನು ಒಳಗೆ ಬಿಟ್ಟಳು. ಮಳೆ ನೀರು ಕುಡಿದ ನೆಲದಂತೆ ಖಾರವು ಅದನ್ನು ಸದ್ದಿಲ್ಲದೆ ನುಂಗಿತು. ಕಣ್ಣೆವೆಯಿಕ್ಕುವಷ್ಟರಲ್ಲಿ ದಬ್ಬಣವು ಅತ್ತಿಂದಿತ್ತ ಇತ್ತಿಂದತ್ತ ಹನ್ನೊಂದು ಬಾರಿ ಸಂಚರಿಸಿ ಚೀಲದ ಬಾಯಿ ಮುಚ್ಚಿತು.

"ತಗೋರಿ," ಎಂದಳು. "ಒಳಗೈತಿ."

ಹಮಾಲರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಅನಂತರ ನಡೆದದ್ದನ್ನು ವರ್ಣಿಸಲು ಸಾವಿರ ನಾಲಿಗೆಯ ಸರ್ಪರಾಜನೂ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಬರಬೇಕು. ಕೋಪಾರುಣನೇತ್ರನಾದ ಹಾಲಪ್ಪನು ಹನ್ನೊಂದು ಹೊಲಿಗೆಗಳೆಂಬ ಹನ್ನೊಂದು ಅಕ್ಷೋಹಿಣಿಗಳನ್ನು ಒಂದೊಂದಾಗಿ ಹಲ್ಲಿನಿಂದ ಕಡಿದು ಕೆಡವಿದನು. ದುರ್ಗದ ಬಾಯಿ ತೆರೆಯಿತು. ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಮನೆದೇವರನ್ನು ನೆನೆದು, ಆ ರಕ್ತವರ್ಣದ ಪಾತಾಳಕೂಪಕ್ಕೆ ತನ್ನ ಬಲದೋಳನ್ನು ಇಳಿಸಿದನು. ಮೊಣಕೈ ಮುಳುಗಿತು. ರಟ್ಟೆ ಮುಳುಗಿತು. ಗದ್ದ ಚೀಲದ ಅಂಚಿಗೆ ತಾಗಿತು. ಮೀಸೆಯ ಬಲಭಾಗ ಕೆಂಪಾಯಿತು.

ಸೀನಿನ ತಾಯೇ, ಈಗ ಬಾ.

ಬಂದಳು. ಮೊದಲ ಸೀನಿಗೆ ಕಾಟಾದ ಮುಳ್ಳು ಅಲುಗಿತು. ಎರಡನೆಯದಕ್ಕೆ ಮಾಡಿನ ಪಾರಿವಾಳಗಳು ಹಾರಿದವು. ಮೂರು, ನಾಲ್ಕು, ಐದನೆಯವು ಒಂದರ ಬಾಲವನ್ನೊಂದು ಹಿಡಿದು ಬಂದವು. ಆರನೆಯದು ಬಂದಂತೆ ಮಾಡಿ ಬಾರದೆ, ವೀರನನ್ನು ಬಾಯಿ ತೆರೆಸಿ, ಕಣ್ಣು ಮುಚ್ಚಿಸಿ, ಪೂರ್ಣ ಅರ್ಧ ನಿಮಿಷ ಆಕಾಶ ನೋಡುತ್ತ ನಿಲ್ಲಿಸಿತು. ಇಪ್ಪತ್ತರವರೆಗೆ ಹಮಾಲರು ಎಣಿಸಿದರು. ಆಮೇಲೆ ಅವರೂ ಸೀನತೊಡಗಿದ್ದರಿಂದ ಲೆಕ್ಕ ತಪ್ಪಿತು.

"ಕಣ್ಣು ಮುಟ್ಟಿಕೋಬ್ಯಾಡ್ರಿ ಮುಕಾದಮರ," ಎಂದು ಮಾಬೂಬಿ ಎಚ್ಚರಿಸಿದಳು. ಶತ್ರುವಾದರೂ ಅವನೂ ಅವಳ ತಂಪು ಕೈಯ ಆಶ್ರಯದವನೇ.

ಕೊನೆಗೂ ಆ ತೋಳು ಪಾತಾಳದಿಂದ ಮೇಲೆದ್ದಿತು. ತುದಿಯಲ್ಲಿ ಚಾವಿ. ಸಮುದ್ರಮಥನದಿಂದ ಅಮೃತಕಲಶವನ್ನು ತಂದವನಂತೆ ಅದನ್ನು ಎತ್ತಿ ಹಿಡಿದು, ಕಣ್ಣೀರು ಮೂಗುನೀರುಗಳಿಂದ ಅಭಿಷಿಕ್ತನಾಗಿ, ಜಯಶೀಲನು ಮೇನ್ ಸ್ವಿಚ್ಚಿನತ್ತ ಧಾವಿಸಿದನು. ಬೀಗಕ್ಕೆ ಚಾವಿ ಹಾಕಿದನು. ಬಲಕ್ಕೆ ತಿರುಗಿಸಿದನು. ತಿರುಗಲಿಲ್ಲ. ಎಡಕ್ಕೆ. ಇಲ್ಲ. ಊದಿ, ಒರೆಸಿ, ಮತ್ತೆ ಹಾಕಿದನು.

"ಇದು ಹತ್ತವಲ್ದು," ಎಂದನು.

"ಹೆಂಗ ಹತ್ತತೈತ್ರಿ," ಎಂದಳು ಮಾಬೂಬಿ ಕುಳಿತಲ್ಲಿಂದಲೇ. "ಅದು ಚಹಾ ಗೂಡಿಂದು."

ಗೇಟಿನಲ್ಲಿ ಮತ್ತೆ ಶಂಖಧ್ವನಿ. ಹಾಲಪ್ಪನ ಸಹನೆಯ ಕೊನೆಯ ಎಳೆ ಆಗ ಕಡಿಯಿತು. "ಗುಡ್ಡಪ್ಪಾ," ಎಂದು ಕೂಗಿದನು, "ಗರಗಸ ತಾ."

ಗುಡ್ಡಪ್ಪ ಅಲ್ಲೇ ಮೂಲೆಯಲ್ಲಿ ಬೆಲ್ಟಿಗೆ ಗ್ರೀಸು ಹಚ್ಚುತ್ತಿದ್ದನು. ಎದ್ದನು. ಮೊಳೆಯಿಂದ ಗರಗಸ ತೆಗೆದನು. ತಂದು ಕೊಟ್ಟನು. ಕೊಟ್ಟದ್ದು ಬಲಗೈಯಿಂದ.

ಮೂರು ಬೆರಳಿನ ನಡುವೆ ಗರಗಸದ ಹಿಡಿಕೆ ಇತ್ತು. ಹಾಲಪ್ಪ ಕೈ ಚಾಚಿದವನು ಹಾಗೆಯೇ ನಿಂತನು.

"ತಗೋರಿ," ಎಂದ ಗುಡ್ಡಪ್ಪ. "ಕೊಯ್ರಿ, ನಾ ಬ್ಯಾಡ ಅನ್ನೂದಿಲ್ಲ. ಕೊಯ್ಯೂದಕ್ಕ ಮೊದಲ ಒಮ್ಮೆ ಬಗ್ಗಿ ನೋಡ್ರಿ. ಅವತ್ತು ಬಗ್ಗಿ ನೋಡಿದ್ರ ಸಾಕಾಗಿತ್ತು ಅಂತ ದವಾಖಾನ್ಯಾಗ ನೀವ ಅಂದಿದ್ರಿ. ನಾ ಏನೂ ಕೇಳಿರಲಿಲ್ಲ. ನೀವ ಅಂದಿದ್ರಿ."

ಹಾಲಪ್ಪ ಗರಗಸ ತೆಗೆದುಕೊಳ್ಳಲಿಲ್ಲ. ಆಮೇಲೆ ಹಮಾಲರ ಕಡೆ ತಿರುಗಿ, ಶಿಳ್ಳೆ ಹಾಕದೆ, ಸಣ್ಣ ದನಿಯಲ್ಲಿ ಅಂದನು: "ಸಣ್ಣಾಕೀನ ನಿಲ್ಲಸ್ರಿ."

ಸಣ್ಣಾಕಿ ಒದರುತ್ತ, ಗೊಣಗುತ್ತ, ಕೊನೆಗೆ ನಿಂತಳು. ಗಿರಣಿ ಮೌನವಾಯಿತು. ಆ ಮೌನದಲ್ಲಿ ದೊಡ್ಡಾಕಿಯ ಹೊಟ್ಟೆಯೊಳಗಿಂದ ಒಂದು ಸಪ್ಪಳ ಕೇಳಿತು. ಕರ್ರ್, ಕರ್ರ್, ಕರ್ರ್. ಅವಸರವಿಲ್ಲದ ಸಪ್ಪಳ. ಗೋಡೆಯ ಮಸಿಯನ್ನು ಉಜ್ಜುವಂತೆ, ತಳ ಹಿಡಿದ ಪಾತ್ರೆಯನ್ನು ಕೆರೆಯುವಂತೆ.

ಮಾಬೂಬಿಯೂ ಎದ್ದು ನಿಂತಿದ್ದಳು.

ಏಕವಿಂಶತಿವರ್ಷಪರ್ಯಂತ ಖಾರಸಾಮ್ರಾಜ್ಯವನ್ನಾಳಿದ ಆ ಮಹಾವೀರನು ಕಿಂಡಿಯ ಮುಂದೆ ಮೊಣಕಾಲೂರಿದನು. ಕೆಂಪಾದ ತೋಳನ್ನು ಮೈಯಿಂದ ದೂರ ಹಿಡಿದು, ಬೋಳುತಲೆಯನ್ನು ಬಾಗಿಸಿ, ಮೂರು ವರ್ಷಗಳಿಂದ ನೋಡದಿದ್ದ ಆ ಕತ್ತಲೆಯೊಳಗೆ ನೋಡಿದನು. ಅಲ್ಲಿ ಉಕ್ಕಿನ ತೋಳುಗಳ ನಡುವೆ, ಒಂದರ ಮೇಲೆ ಕಾಲಿಟ್ಟು, ಇನ್ನೊಂದಕ್ಕೆ ಬೆನ್ನು ಕೊಟ್ಟು, ಮೂರನೆಯದನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು, ಯಾರೋ ಕುಳಿತಿದ್ದರು. ಹಳದಿ ಬಟ್ಟೆಯ ನಡುವಿನಿಂದ ಎರಡು ಕಣ್ಣುಗಳು ಅವನನ್ನು ನೋಡಿದವು.

"ಯಾರಪಾ ಅದು," ಎಂದಿತು ಒಳಗಿನ ದನಿ, "ಬೆಳಕಿಗೆ ಅಡ್ಡ ಬಂದಾಂವ? ಸರಿ ಆಚೆಕ."

ಹಾಲಪ್ಪ ಉತ್ತರ ಕೊಡಲು ಬಾಯಿ ತೆರೆದನು. ಆ ಹಿಂದೆ ಬಾರದೆ ಉಳಿದಿದ್ದ ಆರನೆಯ ಸೀನು ಆಗ ಬಂತು.

"ಇದೇನು, ಮುಖದ ಮ್ಯಾಲ?" ಎಂದಳು ಕಾಶವ್ವ. "ಮುಕಾದಮರೇನ್ರಿ? ನೀವ್ಯಾಕ ಬಂದ್ರಿ ಇಲ್ಲಿಗೆ?"

"ಏನಿಲ್ಲ ಕಾಶವ್ವಾ," ಎಂದನು ಅವನು. "ಬ್ಯಾಟರಿ ಹಿಡೀಲೇನು?"

"ಹಿಡೀರಿ. ಅಲುಗಿಸಬ್ಯಾಡ್ರಿ ಮತ್ತ."

ಹಾಗೆ ಮಹಾಸಮರದ ಉಳಿದ ಕಾಲು ತಾಸನ್ನು ಸೇನಾಪತಿಯು ಬ್ಯಾಟರಿ ಹಿಡಿದು ಕಳೆದನು. ಅಲುಗಿಸಿದ್ದಕ್ಕೆ ಎರಡು ಸಲ ಬೈಸಿಕೊಂಡನು.

ಕಾಶವ್ವ ಹೊರಬಂದಳು. ನಖಶಿಖಾಂತ ಕೆಂಪು. ಮತ್ತೆ ಬಗ್ಗಿ ಒಳಗೆ ಯಾರೂ ಏನೂ ಇಲ್ಲವೆಂದು ತಾನೇ ನೋಡಿದಳು. ಆಮೇಲೆ ಆ ಖಾರದ ಕೈಯನ್ನು ಮೇಲೆತ್ತಿ, ತಲೆಯ ಹಿಂದೆ ಒಯ್ದು, ತುರುಬಿನೊಳಗಿಂದ ಚಾವಿ ತೆಗೆದಳು. ಬೀಗ ಟಕ್ಕೆಂದು ತೆರೆಯಿತು.

ಗುಪ್ತ ಮಂತ್ರಾಲೋಚನೆಯಲ್ಲಿ ಆದ ತೀರ್ಮಾನ ಇದೇ. ಅಂದು ಎಲ್ಲರೂ ಪದ್ಧತಿಯ ಪ್ರಕಾರ ಚಾವಿಗಳನ್ನು ಮಾಬೂಬಿಯ ಮಡಿಲಿಗೆ ಹಾಕಿದಾಗ ಅವಳು ಒಂದೊಂದಾಗಿ ಹಿಂದಕ್ಕೆ ಕೊಟ್ಟಿದ್ದಳು. "ಬೆಂಡೋಲಿ ಇಟ್ಕೋತೀನಿ. ಹಲ್ಲು ಇಟ್ಕೋತೀನಿ. ಬೆನ್ನೂ ತುರಸ್ತೀನಿ. ಜೀವ ಮಾತ್ರ ನನ್ನ ಕಡೆ ಇಡಬ್ಯಾಡ್ರಿ. ಯಾರರ ಬಂದು ಜೋರು ಮಾಡಿ ಕೇಳಿದ್ರ ನಾ ಕೊಟ್ಟೇನು, ನನಗ ನನ್ನ ಮ್ಯಾಲ ನಂಬಿಕಿಲ್ಲ" ಎಂದಿದ್ದಳು. ಖಾರದ ಕೈ ಮುಟ್ಟಿದರೂ ಉರಿಯದ ಜಾಗ ಮೈಮೇಲೆ ಎಲ್ಲಿದೆಯೆಂದು ಹುಡುಕಿ ಹುಡುಕಿ, ಹೆಂಗಸರು ತುರುಬನ್ನು ಕಂಡುಹಿಡಿದಿದ್ದರು.

ದೊಡ್ಡಾಕಿ ಚಾಲೂ ಆದಳು. ಉಳಿದ ಎಂಟು ಚೀಲ ತುಂಬಿದವು. ಚಾವಿ ಬಿದ್ದಿದ್ದ ಐವತ್ತೆರಡನೆಯ ಚೀಲವನ್ನು ಬೇರೆ ತೆಗೆದಿಟ್ಟು, ಅದರ ಬದಲು ಇನ್ನೊಂದು ತುಂಬಿ ಲಾರಿಗೆ ಹಾಕಿದರು. ದಿಗ್ದಂತಿಗಳನ್ನು ನಡುಗಿಸಿದ ಆ ಶಂಖಧ್ವನಿಯ ಬಗ್ಗೆ ಡ್ರೈವರನನ್ನು ಕೇಳಿದರೆ, "ನನಗೇನು ಅವಸರ ಇತ್ರಿ? ಮುಂದ ಒಂದು ಆಡು ಮಲಗಿತ್ತು, ಏಳವಲ್ದಾಗಿತ್ತು. ಅದಕ್ಕ ಹೊಡದೆ" ಎಂದನು.

ಚಹಾದ ಗೂಡನ್ನು ಆ ಚಾವಿಯಿಂದಲೇ ತೆರೆದರು. ಎಷ್ಟು ತೊಳೆದರೂ ಚಹಾ ಖಾರವಾಗಿತ್ತು. ಎಲ್ಲರೂ ಕುಡಿದರು.

ಕಥೆ ಇಲ್ಲಿಗೆ ಮುಗಿದರೆ ವೀರನಿಗೆ ಗೌರವ. ಆದರೆ ನಡೆದದ್ದನ್ನು ಹೇಳಲೇಬೇಕು.

ಮರುದಿನ ಹಾಲಪ್ಪ ಡಬ್ಬಿಯಿಂದ ತಾನೂ ಒಂದು ಕೆಂಪು ಬೀಗ ತೆಗೆದುಕೊಂಡನು. ಚೀಟಿಯಲ್ಲಿ ತನ್ನ ಹೆಸರು ಬರೆಯಿಸಿದನು. ಇನ್ನು ಮುಂದೆ ದೊಡ್ಡಾಕಿಯನ್ನು ಚಾಲೂ ಮಾಡುವ ಮೊದಲು ತಾನೇ ಬೀಗ ಹಾಕಿ, ತಾನೇ ಬಗ್ಗಿ ನೋಡುತ್ತೇನೆಂದು ಪ್ರತಿಜ್ಞೆ ಮಾಡಿದನು. ಚಾವಿ ಎಲ್ಲಿಡುವುದೆಂಬ ಪ್ರಶ್ನೆ ಬಂತು. ಆ ಪ್ರಭಾವಲಯಯುಕ್ತ ಮಸ್ತಕದಲ್ಲಿ ತುರುಬಿಗೆ ಅವಕಾಶವಿರಲಿಲ್ಲ. ಮಾಬೂಬಿಯನ್ನು ಕೇಳಲು ಅಭಿಮಾನ ಬಿಡಲಿಲ್ಲ. ತನ್ನ ಬುದ್ಧಿಯಿಂದಲೇ ಯೋಚಿಸಿ, ಅದನ್ನು ಸೊಂಟದ ಉಡಿದಾರಕ್ಕೆ, ಧೋತರದ ಒಳಗೆ, ಭದ್ರವಾಗಿ ಕಟ್ಟಿಕೊಂಡನು.

ಗುರುವಾರ ಕಿಂಡಿಯಲ್ಲಿ ಬಗ್ಗಿ ನೋಡಿದಾಗ ಒಂದು ಹೆಂಟೆ ಉಳಿದಿರುವುದು ಕಂಡಿತು. ಕೈಹಾಕಿ, ಹಿಸುಕಿ, ಪುಡಿಮಾಡಿ ತೆಗೆದನು. ಎದ್ದು ನಿಂತನು. ಬೀಗ ತೆಗೆಯಬೇಕಲ್ಲ, ಚಾವಿಗೆಂದು ಆ ಕೈಯನ್ನೇ ಧೋತರದೊಳಗೆ ಇಳಿಸಿದನು.

ಆ ವೀರನ ಆರ್ತನಾದವನ್ನು ನಾನು ವರ್ಣಿಸುವುದಿಲ್ಲ. ಗೇಟಿನ ಆಡು ಎದ್ದು ಓಡಿತೆಂದಷ್ಟೇ ಹೇಳುತ್ತೇನೆ.

ಅಂದು ಹೊಸ ಲಾರಿಯೊಂದು ಬಂದಿತ್ತು. ಅದರ ಡ್ರೈವರು ಅರ್ಧ ತಾಸು ಕಾದು, ಒಳಗೆ ಬಂದು, ಯಂತ್ರವೇಕೆ ನಿಂತಿದೆಯೆಂದು ಕೇಳಿದನು. ಮಾಬೂಬಿ ಕಾಶವ್ವನ ಬಾಯಿಗೆ ನೀರು ಹೊಯ್ಯುತ್ತಿದ್ದಳು. ಗುಡ್ಡಪ್ಪ ಬೀಗದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದನು.

"ಬೀಗ ಹಾಕೈತ್ರಿ," ಎಂದಳು ಮಾಬೂಬಿ.

"ಕಾಣತೈತಿ. ತಗೀರಲ್ಲ."

"ಹಾಕಿದವರ ತಗೀಬೇಕು."

"ಯಾರು ಹಾಕಿದವರು?"

"ಮುಕಾದಮರು."

"ಎಲ್ಲಿ ಅದಾರ?"

ಮಾಬೂಬಿ ದಬ್ಬಣದಿಂದ ಹಿತ್ತಲ ಕಡೆ ತೋರಿಸಿದಳು. ಅಲ್ಲಿ ನೀರಿನ ದೊಡ್ಡ ತೊಟ್ಟಿಯೊಳಗೆ, ಕುತ್ತಿಗೆಯವರೆಗೆ ಮುಳುಗಿ, ಬೋಳುತಲೆಯೊಂದು ಮಾತ್ರ ಹೊರಗೆ ಹೊಳೆಯುತ್ತ, ನಮ್ಮ ವೀರನು ಕುಳಿತಿದ್ದನು. ಲಾರಿಯವನ ಮಾತು ಅವನಿಗೂ ಕೇಳಿಸಿತ್ತು.

"ಯಾರೂ ಬೀಗ ಮುಟ್ಟಬ್ಯಾಡ್ರಿ," ಎಂದಿತು ತೊಟ್ಟಿ. "ಬಂದೆ."